ಪೊಲೀಸರ ಮನೆ

ಮನ್ಮನೆಯಲ್ಲಿ ಸುಬ್ಬಿಯನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಊರಿಗೆಲ್ಲ ಸುಬ್ಬಜ್ಜಿ. ಎಪ್ಪತ್ತೈದು ದಾಟಿದ್ದರೂ ಗದ್ದೆ ಅಂಚಿನಲ್ಲಿ ಬಂದು ನಿಂತಳೆಂದರೆ ಸಸಿ ನೆಡುವ ನೆಟ್ಟಿಯವರ ಹರಟೆ ತಾನಾಗಿ ನಿಲ್ಲುತ್ತದೆ. ಆ ಗದ್ದೆ ಅವಳದೇ. ಒಡೆಯರಿಗೆ ಗೇಣಿ ಅಳೆಯುತ್ತಿದ್ದ ಕಾಲದಲ್ಲಿ ಬಯಲುಸೀಮೆಯ ಬಸವರಾಜ ಎಂಬವನು ಕೆಂಪು ಬಾವುಟ ಹಿಡಿದು ಬಂದು, ಮನೆಮನೆ ತಿರುಗಿ ಅರ್ಜಿ ಬರೆದುಕೊಟ್ಟಿದ್ದರ ಫಲ. ಅವನನ್ನು ದೇವರೆನ್ನುವವರಿದ್ದಾರೆ, ಕೊಲೆಗಡುಕನೆನ್ನುವವರೂ ಇದ್ದಾರೆ. ಸುಬ್ಬಿಗೆ ಮಾತ್ರ ಅವನು ‘ಮೇಷ್ಟ್ರು’. ಎರಡು ತಿಂಗಳು ಅವಳ ಮನೆಯ ಗಂಜಿ ಉಂಡು, ಆಮೇಲೆ ಕಾಡು ಸೇರಿ, ಅಲ್ಲೇ ಜ್ವರ ಬಂದು ಸತ್ತವನು.

ಸುಬ್ಬಿಯ ಗಂಡ ಚೌಡನೂ ಆ ವರ್ಷವೇ ಕಾಣೆಯಾದ. ಹೊಳೆಗೆ ಬಿದ್ದ ಎಂದರು ಕೆಲವರು. ಘಟ್ಟ ಇಳಿದು ಇನ್ನೊಂದು ಸಂಸಾರ ಹೂಡಿದ ಎಂದರು ಹಲವರು. ಐವತ್ತು ವರ್ಷವಾಗುತ್ತ ಬಂತು. ಸುಬ್ಬಿ ಕುಂಕುಮ ಅಳಿಸಿಲ್ಲ.

ಮೊನ್ನೆ ಶಿರಸಿಯಿಂದ ಕಾಲೇಜಿನ ಪ್ರತಿಭಾ ಮೇಡಂ ಬಂದರು. ಮೇಷ್ಟ್ರ ದಿನಚರಿ ಸಿಕ್ಕಿದೆ, ಪುಸ್ತಕ ಮಾಡುತ್ತಿದ್ದೇವೆ ಎಂದರು.

“ಫೋಟೋನೂ ಹಾಕ್ತೀರಾ? ಅವ್ರ ಗಡ್ಡದಲ್ಲಿ ಗುಬ್ಬಿ ಗೂಡು ಕಟ್ಬೋದಾಗಿತ್ತು!” ಸುಬ್ಬಿ ನಕ್ಕಳು. ನಗು ಮುಗಿಯುವ ಮೊದಲೇ ಕೇಳಿದಳು: “ನಮ್ಮನೇರ ಸುದ್ದಿ ಏನಾದ್ರೂ ಬರ್ದಾರಾ ತಂಗಿ? ಎಲ್ಲಿಗೆ ಹೋದ್ರು ಅಂತ?”

ಪ್ರತಿಭಾ ಕೈಯಲ್ಲಿದ್ದ ದಿನಚರಿಯ ನಕಲು ಹಾಳೆಗಳನ್ನು ಮಡಚಿದರು. “ಬೇಡ ಅಮ್ಮ.”

“ಓದು. ಇಷ್ಟ್ ವರ್ಷ ಕಾದದ್ದು ಬೇಡ ಅನ್ನಿಸ್ಕೊಳ್ಳೋಕಾ?”

ಪ್ರತಿಭಾ ಓದಿದರು: “‘ಚೌಡ ಮೊನ್ನೆಯೂ ಸಭೆಗೆ ಬರಲಿಲ್ಲ. ಮನೆಗೆ ಹೋಗಿ ಕೇಳಿದೆ. ಪೊಲೀಸರ ಮನೆಗೆ ಹೋಗಿದ್ದಾನೆ, ದಿನಾ ಸಂಜೆ ಹೋಗುತ್ತಾನೆ ಎಂದು ಹೆಂಡತಿಯೇ ಹೇಳಿದಳು. ಮುಚ್ಚಿಡುವ ಬುದ್ಧಿ ಪಾಪ ಅವಳಿಗಿಲ್ಲ. ದ್ರೋಹಿಗೆ ಆಗಬೇಕಾದ್ದು ನಿನ್ನೆ ಕಾಡಿನಲ್ಲಿ ಆಯಿತು. ಅಲ್ಲೇ ಹೂತೆವು.’”

ಸುಬ್ಬಿ ಪೊಲೀಸರ ಮನೆಯ ದಿಕ್ಕಿಗೆ ತಿರುಗಿದಳು.

ಮುಂಬಯಿ ಸರ್ಕಾರದ ಕಾಲದಲ್ಲಿ ಊರ ಮುಖಂಡನನ್ನು ‘ಪೊಲೀಸ್ ಪಾಟೀಲ’ ಎನ್ನುತ್ತಿದ್ದರು. ಆ ಹುದ್ದೆ ಹೋಯಿತು, ಹುದ್ದೆಯಲ್ಲಿದ್ದವರೂ ಹೋದರು. ಮನೆಗೆ ಹೆಸರೊಂದು ಅಂಟಿ ಉಳಿಯಿತು. ಆ ಮೆಟ್ಟಿಲು ಖಾಕಿ ತೊಟ್ಟವನನ್ನು ಕಂಡದ್ದೇ ಇಲ್ಲ. ಇವತ್ತಿಗೂ ಮನ್ಮನೆಯ ಮಕ್ಕಳು ಮಜ್ಜಿಗೆ ತರಲು ಹೋಗುವುದು ಪೊಲೀಸರ ಮನೆಗೆ.

“ಹಾಲು ಕರೆಯೋಕೆ ಹೋಗ್ತಿದ್ರು,” ಎಂದಳು ಸುಬ್ಬಿ. “ಅವ್ರ ಮನೆ ಎಮ್ಮೆ ಬೇರೆ ಯಾರ ಕೈಗೂ ನಿಲ್ತಿರ್ಲಿಲ್ಲ ಮಾರಾಯ್ತಿ. ಎಮ್ಮೆ!”

ಪ್ರತಿಭಾ ಅವಳ ಕೈ ಹಿಡಿಯಹೋದರು. ಸುಬ್ಬಿ ಬಿಡಿಸಿಕೊಂಡಳು.

“ಇದಾದ್ ಮೇಲೂ ಮೇಷ್ಟ್ರು ಹದಿನೈದು ದಿನ ಇಲ್ಲೇ ಉಂಡ್ರು. ‘ಚೌಡ ಬರದೆ ಹೋದ್ರೂ ಗದ್ದೆ ಬಿಡಬೇಡ ಸುಬ್ಬಿ’ ಅಂದ್ರು. ಆಹಾ, ಎಂಥಾ ಮನುಷ್ಯ ಅಂತ ನಾನು ಇನ್ನೊಂದ್ ಸೌಟು ಬಡ್ಸಿದೆ.”

“ಈ ಪುಟ ತೆಗೆದುಬಿಡ್ತೇನೆ ಅಮ್ಮ. ದ್ರೋಹಿ ಅಂತ ಅಚ್ಚಾಗೋದು ಬೇಡ.”

“ತೆಗೀಬೇಡ! ತೆಗೆದ್ರೆ ನಮ್ಮನೇರು ಮತ್ತೆ ಕಾಣೆ ಆಗ್ತಾರೆ. ಅದ್ರ ಕೆಳಗೇ ಬರಿ, ಅದು ಯಾರ ಮನೆ ಅಂತ. ಹೇಳಿದ್ದು ನಾನೇ ಅಂತನೂ ಬರಿ. ‘ಯಾವ ಪೊಲೀಸ್ರು?’ ಅಂತ ಮೇಷ್ಟ್ರು ಒಂದ್ ಮಾತು ಕೇಳ್ಲಿಲ್ಲ, ಅದನ್ನೂ ಬರಿ.”

ಪ್ರತಿಭಾ ಬರೆದುಕೊಂಡರು. ಸುಬ್ಬಿ ಅವರ ಪೆನ್ನನ್ನೇ ನೋಡುತ್ತಿದ್ದಳು.

“ಎಲ್ಲಿ ಹೂತ್ರು ಅಂತ ಬರ್ದಾರಾ?”

“ಇಲ್ಲ ಅಮ್ಮ.”

“ಮುಂದಿನ ಹಾಳೆ ನೋಡು.”

ಪ್ರತಿಭಾ ನೋಡಿದರು. ಅಲ್ಲಿ ಅರ್ಜಿ ಕೊಟ್ಟ ಗೇಣಿದಾರರ ಹೆಸರುಗಳಷ್ಟೇ ಇದ್ದವು.