ಲೇತ್ ರಾಜಶೇಖರ್, ಹೊಸದುರ್ಗ

ಗಂಡನಿಗೆ ಆ ಹೆಸರಿಟ್ಟವಳು ಸ್ವತಃ ಭಾಗ್ಯ. ಅವಳ ತವರಿಗೆ ರಾಜಶೇಖರ್ ಎಂಬ ಹೆಸರಿನ ಅಳಿಯಂದಿರು ಇಬ್ಬರು. ಅಕ್ಕನ ಗಂಡ ಬ್ಯಾಂಕಿನಲ್ಲಿದ್ದ; ಬ್ಯಾಂಕ್ ರಾಜಶೇಖರ್ ಆದ. ನಿನ್ನ ಗಂಡನನ್ನು ಏನೆಂದು ಕರೆಯೋಣ ಎಂದು ಹೊಳಲ್ಕೆರೆಯಲ್ಲಿರುವ ಅಣ್ಣ ಮುರುಗೇಶಪ್ಪ ಕೇಳಿದಾಗ ಭಾಗ್ಯ ಯೋಚಿಸಲೂ ಇಲ್ಲ.

"ಲೇತ್ ರಾಜಶೇಖರ್ ಅನ್ನಣ್ಣ. ಅವರು ಕಟ್ಕಂಡಿರೋದು ಅದನ್ನ, ನನ್ನಲ್ಲ."

ರಾಜಶೇಖರ್ ಹೈಸ್ಕೂಲಿನ ಗುಮಾಸ್ತ. ಗೋಡೆಗೆ ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಳ್ಳುವ ಜಾತಿ. ಚಿತ್ರದುರ್ಗದಲ್ಲಿ ಬಾಗಿಲು ಹಾಕಿದ ಯಾವುದೋ ವರ್ಕ್‌ಶಾಪಿನಿಂದ ಗುಜರಿಗೆ ಹೊರಟಿದ್ದ ಲೇತ್ ಯಂತ್ರವನ್ನು ಕಂಡು ಅವನಿಗೆ ಅದೇನು ಕನಿಕರ ಹುಟ್ಟಿತೋ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ. ತೆಂಗಿನ ಮರದ ತುಂಡುಗಳ ಮೇಲೆ ಉರುಳಿಸುತ್ತ ಬೀದಿಯವರೆಲ್ಲ ಸೇರಿ ಅದನ್ನು ಕೊಬ್ಬರಿ ಕೋಣೆಗೆ ನೂಕಿದರು. ಕಬ್ಬಿಣವನ್ನು ಗಿರ್ರನೆ ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರ ಎಂದು ಅವನು ವಿವರಿಸಿದ. ಅದು ತಿರುಗುವುದಿರಲಿ, ತುಕ್ಕು ಹಿಡಿದು ಯಾವುದು ಹಿಡಿ, ಯಾವುದು ಗಾಲಿ ಎಂದೇ ತಿಳಿಯುತ್ತಿರಲಿಲ್ಲ.

ಅಲ್ಲಿಂದ ಅವನ ಭಾನುವಾರಗಳೆಲ್ಲ ಅದಕ್ಕೇ ಮುಡಿಪಾದವು. ಒಂದೊಂದೇ ಗೇರನ್ನು ಬಿಚ್ಚಿ ಡೀಸೆಲ್ಲಿನಲ್ಲಿ ನೆನೆಹಾಕಿದ. ಹಲ್ಲುಜ್ಜುವ ಬ್ರಷ್ಷಿನಿಂದ ಅವುಗಳ ಹಲ್ಲುಜ್ಜಿದ. ಮೊಬೈಲಿನಲ್ಲಿ ಯಾವುದೋ ದೇಶದ ಮುದುಕ ತನ್ನ ಲೇತನ್ನು ಉಜ್ಜುವ ವಿಡಿಯೋ ಹಾಕಿಕೊಂಡು, ಅವನು ಉಜ್ಜಿದಂತೆಯೇ ಉಜ್ಜಿದ. ಯಂತ್ರದ ಉಳಿ ಜಾರುವ ಹಾಸಿನ ಮೇಲೆ ನೀಲಿ ಬಣ್ಣ ಸವರಿ, ಎಲ್ಲಿ ಉಬ್ಬಿದೆ ಎಂದು ನೋಡಿ, ಅಲ್ಲಷ್ಟೇ ಕೆರೆಯುವುದು. ಮತ್ತೆ ಸವರುವುದು, ಮತ್ತೆ ಕೆರೆಯುವುದು. ಮದುವೆಯಾದಾಗಿನಿಂದ ತನ್ನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿದವನಲ್ಲ ಎಂದು ಭಾಗ್ಯ ಬಾಗಿಲಲ್ಲಿ ನಿಂತು ಹೇಳಿದರೆ, ಸ್ವಲ್ಪ ಬೆಳಕು ಬಿಡು ಎನ್ನುತ್ತಿದ್ದ.

ಅವಳ ಕೊಬ್ಬರಿಗೆ ಡೀಸೆಲ್ ವಾಸನೆ ಹತ್ತಿತು. ಕೊಳ್ಳಲು ಬಂದ ವ್ಯಾಪಾರಿ ಒಂದು ಗಿಟುಕನ್ನು ಮೂಸಿ, ಅಕ್ಕಾರೆ, ಎಣ್ಣೆ ಒಳಗಿಂದ ಬರಬೇಕು, ಹೊರಗಿಂದ ಹಚ್ಚೋದಲ್ಲ ಎಂದು ನಕ್ಕು ಹೋದ. ಅಂದಿನಿಂದ ಆ ಕಬ್ಬಿಣ ಮನೆಯಿಂದ ತೊಲಗಬೇಕೆನ್ನುವುದು ಅವಳ ದಿನದ ಮಾತಾಯಿತು.

ಯಂತ್ರ ತಿರುಗಿತು ನಿಜ. ಮೋಟರು ಕೂತಿತು, ಬೆಲ್ಟು ಬಂತು, ಹಸಿರು ಬಣ್ಣ ಹೊಡೆದಾಯಿತು. ಆದರೆ ಅದರಿಂದ ಒಂದು ವಸ್ತುವೂ ಹೊರಬರಲಿಲ್ಲ. ಒನಕೆಯ ಅಣಸು, ಅಂದರೆ ತುದಿಗೆ ಹಾಕುವ ಕಬ್ಬಿಣದ ಬಳೆ, ಸೀಳಿ ಬಿದ್ದುಹೋಗಿದೆ, ಅದೊಂದನ್ನು ಮಾಡಿಕೊಡಿ ಎಂದು ಭಾಗ್ಯ ಕೇಳಿದ್ದಳು. ಇನ್ನೂ ಕೂದಲೆಳೆಯಷ್ಟು ಓರೆ ಐತೆ, ಸರಿಯಾಗಲಿ ಎಂದ. ಆ ಕೂದಲೆಳೆ ಎಷ್ಟು ಬೇಸಿಗೆ ಕಳೆದರೂ ಸರಿಯಾಗಲಿಲ್ಲ. ನೋಡಲು ಬಂದವರಿಗೆಲ್ಲ ಅವನು ಸ್ವಿಚ್ಚು ಒತ್ತಿ ಬರೀ ಗಾಳಿಯನ್ನು ಕಡೆದು ತೋರಿಸುತ್ತಿದ್ದ.

ಹೀಗಿರುವಾಗ ಮುರುಗೇಶಪ್ಪನ ಮಗಳು ಸರ್ವಮಂಗಳಳ ಮದುವೆ ಗೊತ್ತಾಯಿತು. ಆಮಂತ್ರಣ ಪತ್ರಿಕೆಗೆ ಹೆಸರುಗಳನ್ನು ಮುರುಗೇಶಪ್ಪ ಫೋನಿನಲ್ಲೇ ಪ್ರೆಸ್ಸಿಗೆ ಹೇಳಿದ. ಇಬ್ಬರು ಅಳಿಯಂದಿರು ಅದಲುಬದಲಾಗಬಾರದೆಂದು, ಒಬ್ಬರು ಬ್ಯಾಂಕ್ ರಾಜಶೇಖರ್, ಇನ್ನೊಬ್ಬರು ಲೇತ್ ರಾಜಶೇಖರ್ ಎಂದು ಬಿಡಿಸಿ ಹೇಳಿದ. ಪತ್ರಿಕೆ ಅಚ್ಚಾಗಿ, ಹಿರಿಯೂರಿನಿಂದ ಚಿತ್ರದುರ್ಗದವರೆಗೆ ಹಂಚಿ ಮುಗಿದ ಮೇಲೆ ಯಾರೋ ಗಮನಿಸಿದರು. ಸುಖಾಗಮನ ಬಯಸುವವರ ಸಾಲಿನಲ್ಲಿ 'ಶ್ರೀಮತಿ ಭಾಗ್ಯ ಮತ್ತು ಲೇಟ್ ರಾಜಶೇಖರ್, ಹೊಸದುರ್ಗ' ಎಂದಿತ್ತು.

ಸತ್ತವನು ನೆಂಟರ ಸುಖಾಗಮನ ಬಯಸಿದ್ದ. ಹಿರಿಯೂರಿನ ನೆಂಟನೊಬ್ಬ ಭಾಗ್ಯಳಿಗೆ ಸಮಾಧಾನ ಹೇಳಲು ಫೋನ್ ಮಾಡಿದರೆ ಎತ್ತಿದವನು ರಾಜಶೇಖರನೇ. ಯಾರು ಮಾತಾಡೋದು ಎಂದದ್ದಕ್ಕೆ ಹೆಸರು ಹೇಳಿದ. ಆ ಕಡೆ ಫೋನು ತಟ್ಟನೆ ಕಟ್ಟಾಯಿತು. ಶಾಲೆಯಲ್ಲಿ ಮೇಷ್ಟ್ರುಗಳು ಮೌನಾಚರಣೆ ಮಾಡಿ ಅವನನ್ನೇ ಟೀ ತರಲು ಕಳಿಸಿದರು.

ಭಾಗ್ಯಳಿಗೆ ನಗು ಬರಲಿಲ್ಲ. ತವರಿನಲ್ಲಿ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಮೊದಲ ಒನಕೆ ಹಾಕುವವಳು ಮದುಮಗಳ ಸೋದರತ್ತೆ. ಒನಕೆಯೂ ಅವಳ ಮನೆಯಿಂದಲೇ ಬರಬೇಕು. ಅಕ್ಕನ ಸರದಿ ಹಿಂದಿನ ಮದುವೆಗೇ ಮುಗಿದಿತ್ತು. ಸರ್ವಮಂಗಳ ಹುಟ್ಟಿದ ದಿನದಿಂದ ಭಾಗ್ಯ ಕಾದಿದ್ದ ಕೆಲಸ ಅದು. ಆದರೆ ಮನೆಗೆ ಹಿರಿಯಳಾದ ದೊಡ್ಡಮ್ಮ ದ್ಯಾಮಮ್ಮ ತಕರಾರು ತೆಗೆದಳು. ಗಂಡ ಇಲ್ಲವೆಂದು ಅಚ್ಚಾದವಳ ಕೈಯಿಂದ ಅರಿಶಿನವೇ?

"ಆ ಹೆಸರು ಬಂದಿದ್ದು ಆ ಕಬ್ಬಿಣದಿಂದ. ಕಬ್ಬಿಣ ಮನೆ ಬಿಟ್ರೆ ಅಪಶಕುನಾನೂ ಬಿಡುತ್ತೆ. ಅಲ್ಲೀತನಕ ಭಾಗ್ಯ ಒನಕೆ ಮುಟ್ಟದು ಬ್ಯಾಡ," ಎಂದಳು.

ಮುರುಗೇಶಪ್ಪ ತಡಮಾಡಲಿಲ್ಲ. ಶಾಸ್ತ್ರದ ದಿನ ಬೆಳಿಗ್ಗೆಯೇ ಗುಜರಿಯವನ ಟೆಂಪೋ ಹೊಸದುರ್ಗದಲ್ಲಿ ಭಾಗ್ಯಳ ಬಾಗಿಲಿಗೆ ಬಂದು ನಿಂತಿತು. ಇಷ್ಟು ವರ್ಷ ಅವಳು ಬೇಡಿಕೊಂಡದ್ದು ತಾನಾಗಿ ಒದಗಿಬಂದಿತ್ತು. ರಾಜಶೇಖರ್ ಆಗಲೇ ಸ್ಪ್ಯಾನರ್ ಹಿಡಿದು ಮೋಟರು ಬಿಚ್ಚಲು ಕುಳಿತಿದ್ದ.

"ಕೊಟ್ಟು ಕಳಿಸಾಣ ಬಿಡು. ನೀನು ಅರಿಶಿನ ಕುಟ್ಟಬೇಕಲ್ಲ," ಎಂದ, ತಲೆ ಎತ್ತದೆ.

ಭಾಗ್ಯಳ ಮೈ ಉರಿಯಿತು. ಹೆಂಡತಿ ಬೈದಾಗ ಜಗ್ಗದವನು, ಕೊಬ್ಬರಿ ಕೆಟ್ಟಾಗ ಜಗ್ಗದವನು, ದೊಡ್ಡಮ್ಮನ ಒಂದು ಮಾತಿಗೆ ಬಾಲ ಮುದುರಿ ಕುಳಿತಿದ್ದಾನೆ. ಇವನನ್ನು ಹಂಗಿಸಲು ಕಷ್ಟಪಟ್ಟು ಒಂದು ಹೆಸರು ಹುಡುಕಿಟ್ಟರೆ ಪ್ರೆಸ್ಸಿನವನು ಅದನ್ನು ಕೆಡಿಸಿದ. ಕೆಟ್ಟದ್ದಕ್ಕೆ ಶಕುನ ಕಟ್ಟಿ ದೊಡ್ಡಮ್ಮ ಯಜಮಾನಿಕೆ ಮಾಡುತ್ತಾಳೆ.

"ನಿಮ್ಮನ್ನ ಆಡ್ಕಳೋದು ನನ್ನ ಪಾಲಿನ ಕೆಲಸ, ಊರಿನೋರ್ದಲ್ಲ. ಏಳ್ರಿ ಮೇಲೆ. ಆ ಅಣಸು ಈಗಲೇ ಮಾಡಿ ಕೊಡ್ರಿ. ಆಗಲ್ಲ ಅಂದ್ರೆ ಟೆಂಪೋ ಬಾಗಿಲಲ್ಲೇ ಐತೆ, ನಾನೇ ಎತ್ತಿಸ್ತೀನಿ."

"ಇನ್ನೂ ಕೂದಲೆಳೆ ಓರೆ..."

"ಒನಕೆಗೆ ಕಣ್ಣಿಲ್ಲ."

ಅವನು ಬಿಚ್ಚಿದ್ದ ಬೋಲ್ಟುಗಳನ್ನು ಮತ್ತೆ ಬಿಗಿದು ಎದ್ದ. ಬಳಿಕ ಮೂಲೆಯಲ್ಲಿದ್ದ ದಪ್ಪ ಪೈಪಿನ ತುಂಡೊಂದನ್ನು ಯಂತ್ರಕ್ಕೆ ಬಿಗಿದು ಸ್ವಿಚ್ಚು ಒತ್ತಿದ. ಉಳಿ ತಾಗಿದೊಡನೆ ಕಿವಿ ಕೊರೆಯುವ ಕೀಚಲು ಎದ್ದಿತು. ಆಮೇಲೆ ದನಿ ಹದಕ್ಕೆ ಬಂದು, ಕಬ್ಬಿಣ ಕೊಬ್ಬರಿ ತುರಿಯ ಹಾಗೆ ಸುರುಳಿ ಸುರುಳಿಯಾಗಿ ಬಿತ್ತು. ಒಳಬಾಯಿ ಹಿಗ್ಗಿಸಿ, ಅಂಚು ನುಣುಪಾಗಿಸಿ, ಬಳೆಯನ್ನು ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ಒನಕೆಯ ತುದಿಗೆ ತೊಡಿಸಿ ನೀರು ಹೊಯ್ದಾಗ ಅದು ಚುಯ್ ಎಂದು ಕಚ್ಚಿಕೊಂಡಿತು. ಗುಜರಿಯವನು ಕಾದು ಬೇಸತ್ತು ಖಾಲಿ ಟೆಂಪೋ ತಿರುಗಿಸಿಕೊಂಡು ಹೋದ. ಯಂತ್ರ ಒರೆಸಿ ಎಣ್ಣೆ ಹಚ್ಚದೆ ಬರಲಾರೆ, ಹಚ್ಚಿಯೇ ಬರುತ್ತೇನೆ ಎಂದವನನ್ನು ಬಿಟ್ಟು ಭಾಗ್ಯ ಒನಕೆ ಹೊತ್ತು ಬಸ್ ಹತ್ತಿದಳು.

ಹೊಳಲ್ಕೆರೆಯಲ್ಲಿ ದ್ಯಾಮಮ್ಮ ಕೇಳಿದ್ದು ಒಂದೇ, ಕಬ್ಬಿಣ ಹೋಯಿತೇ ಎಂದು. ಭಾಗ್ಯ ಒನಕೆಯನ್ನು ತಿರುಗಿಸಿ ಹೊಳೆಯುವ ಅಣಸನ್ನು ತೋರಿಸಿದಳು.

"ಹೋಗಿಲ್ಲ ದೊಡ್ಡಮ್ಮ. ಅದೇ ಕಡೆದು ಕೊಟ್ಟಿದ್ದು ಇದು. ಬ್ಯಾಡ ಅಂದ್ರೆ ಒನಕೆ ವಾಪಸ್ ತಗಂಡು ಹೋಗ್ತೀನಿ. ಬೇರೆ ಯಾವ ಸೋದರತ್ತೆ ಮನೆಯಿಂದ ತರಿಸ್ತೀರೋ ತರಿಸ್ಕಳ್ರಿ."

ಸರದಿ ಉಳಿದಿದ್ದ ಬೇರೆ ಸೋದರತ್ತೆ ಇರಲಿಲ್ಲ. ಸರ್ವಮಂಗಳಳೇ ಎದ್ದು ಬಂದು ಒರಳಿಗೆ ಅರಿಶಿನದ ಕೊಂಬು ಹಾಕಿದಳು. ದ್ಯಾಮಮ್ಮ ಮುಖ ತಿರುಗಿಸಿ ಕುಳಿತಳು. ಭಾಗ್ಯ ಮೊದಲ ಒನಕೆ ಹಾಕಿದಳು, ಬೇಕೆಂದೇ ಜೋರಾಗಿ.

ರಾಜಶೇಖರ್ ಬಂದದ್ದು ಮರುದಿನ, ಅಕ್ಷತೆ ಬಿದ್ದು ಊಟದ ಪಂಕ್ತಿ ಕೂತ ಮೇಲೆ. ಇಡೀ ಛತ್ರ ಅವನತ್ತ ತಿರುಗಿತು. ಬ್ಯಾಂಕ್ ರಾಜಶೇಖರ್ ಎಲೆಯ ಮುಂದಿನಿಂದಲೇ ಕೂಗಿ ಹೇಳಿದ: "ಲೇಟ್ ರಾಜಶೇಖರ್ ಬಂದ್ರು ನೋಡ್ರಿ. ಪ್ರೆಸ್ಸಿನವನು ಸರಿಯಾಗೇ ಹಾಕಿದ್ದ."

ಎಲ್ಲರೂ ನಕ್ಕರು. ಭಾಗ್ಯ ನಗದೆ ಗಂಡನ ಉಗುರಿನ ಸಂದಿಯ ಕರಿ ಎಣ್ಣೆಯನ್ನು ನೋಡಿ, ಕೈ ತೊಳೆದುಕೊಂಡು ಬರಲು ಹೇಳಿ, ತನ್ನ ಪಕ್ಕದ ಎಲೆಯ ಮುಂದೆ ಯಾರೂ ಕೂರದ ಹಾಗೆ ಸೆರಗು ಹರವಿದಳು. ಅವನು ಕೂತವನೇ ಅವಳ ಕಿವಿಯ ಹತ್ತಿರ ಬಗ್ಗಿ ಕೇಳಿದ, ಅಣಸು ಓರೆ ಕಂಡಿತೇ ಎಂದು.