ಮುನವಳ್ಳಿಗೆ ನಿಲ್ಲಿಸಿದ ಪೋಸ್ಟರು

ಪ್ರಚಾರ ಮಾಡುವವನಿಗೆ ಜನರ ಮೇಲೆ ಪ್ರೀತಿ ಇರಬೇಕು ಎಂದು ಹೇಳುವವರು ಜೀವನದಲ್ಲಿ ಒಂದು ಪೋಸ್ಟರೂ ಅಂಟಿಸಿದವರಲ್ಲ. ನನಗೆ ಜನರ ಮೇಲೆ ಪ್ರೀತಿ ಇಲ್ಲ, ಗೋಡೆಗಳ ಮೇಲಿದೆ. ಬೈಲಹೊಂಗಲದಲ್ಲಿ ಯಾವ ಗೋಡೆಗೆ ಬೆಳಗಿನ ಬಿಸಿಲು ಬೀಳುತ್ತದೆ, ಕಿತ್ತೂರಿನಲ್ಲಿ ಯಾವ ಗೋಡೆಯ ಯಜಮಾನ ಬೈಯುತ್ತಾನೆ, ಸವದತ್ತಿಯಲ್ಲಿ ಯಾವ ಗೋಡೆಗೆ ಎಮ್ಮೆ ಮೈ ಉಜ್ಜಿ ನಾಯಕಿಯ ಮುಖ ಹರಿದುಹಾಕುತ್ತದೆ, ಇಷ್ಟು ಗೊತ್ತಿದ್ದರೆ ನಾಟಕ ಕಂಪನಿಯಲ್ಲಿ ಪ್ರಚಾರ ಮ್ಯಾನೇಜರ್ ಆಗಬಹುದು. ನಾನು ಆದೆ. ಮ್ಯಾನೇಜರ್ ಅಂದರೆ ಮೈದಾ ಅಂಟು ಕುದಿಸುವವನು, ಅಂಟಿಸುವವನು, ಜೀಪಿನಲ್ಲಿ ಕುಳಿತು ಮೈಕಿನಲ್ಲಿ ಕೂಗುವವನು. ಎಲ್ಲವೂ ನಾನೊಬ್ಬನೇ.

ನಮ್ಮ ಕಂಪನಿಯಲ್ಲಿ ಹಾಸ್ಯಪಾತ್ರ ಮಾಡುವ ಒಬ್ಬ ಹೆಂಗಸು ಇದ್ದಾಳೆ. ನನಗಿಂತ ಚಿಕ್ಕವಳು, ನನ್ನನ್ನು ಅಣ್ಣ ಎನ್ನುತ್ತಾಳೆ. ಗಂಡ ಬಿಟ್ಟುಹೋದ ಮೇಲೆ ಮಗಳನ್ನು ಹಾಸ್ಟೆಲಿನಲ್ಲಿ ಇಟ್ಟು ಓದಿಸಿದಳು. ಆ ಮಗಳನ್ನು ಮೂರು ವರ್ಷದ ಹಿಂದೆ ರಾಮದುರ್ಗ ತಾಲೂಕಿನ ಸುರೇಬಾನಕ್ಕೆ, ಹೊಲ ಮನೆ ಇರುವ ಕುಟುಂಬಕ್ಕೆ ಕೊಟ್ಟಳು. ಬೀಗರಿಗೆ ಹೇಳಿದ್ದು, ಹುಡುಗಿಯ ತಾಯಿ ಹುಬ್ಬಳ್ಳಿಯಲ್ಲಿ ಹಾಸ್ಟೆಲ್ ಅಡುಗೆಯವಳು ಎಂದು. ನಾಟಕದವಳು ಎಂದರೆ ಬೀಗತನ ಆಗುತ್ತಿರಲಿಲ್ಲ. ನಾಟಕಕ್ಕೆ ಮೊದಲ ಸಾಲಿನಲ್ಲಿ ಬಂದು ಕೂತು ಸಿಳ್ಳೆ ಹಾಕುವ ಮಂದಿಯೇ ಮನೆಗೆ ಹೋಗಿ ನಾಟಕದವರ ಮನೆಯ ಹೆಣ್ಣು ಬೇಡ ಎನ್ನುತ್ತಾರೆ. ಈ ಮಂದಿಯ ಮೇಲೆ ನನಗೆ ಪ್ರೀತಿ ಎಲ್ಲಿಂದ ಬರಬೇಕು? ಮದುವೆ ಮಾತುಕತೆಗೆ ಹುಡುಗಿಯ ಸೋದರಮಾವ ಎಂದು ರುಮಾಲು ಸುತ್ತಿಕೊಂಡು ಕುಳಿತವನು ನಾನೇ.

ಅಂದಿನಿಂದ ನನಗೆ ಒಂದು ಕೆಲಸ ಹೆಚ್ಚಾಯಿತು. ಬೈಲಹೊಂಗಲದಲ್ಲಿ ಕ್ಯಾಂಪ್ ಇದ್ದರೆ ನೇಸರಗಿ, ಕಿತ್ತೂರು, ಸವದತ್ತಿ, ಮುನವಳ್ಳಿಯವರೆಗೆ ಅವಳ ಫೋಟೊ ಇದ್ದ ಪೋಸ್ಟರು. ಅದರಾಚೆ ರಾಮದುರ್ಗದ ಕಡೆಗೆ ಬೇರೆ ಪೋಸ್ಟರು, ಅದರಲ್ಲಿ ಅವಳಿಲ್ಲ. ಪ್ರೆಸ್ಸಿನವನಿಗೆ ಸುಳ್ಳು ಹೇಳಿ ಎರಡು ನಮೂನೆ ಮಾಡಿಸುತ್ತಿದ್ದೆ. ಒಮ್ಮೆ ರಾಮದುರ್ಗದಲ್ಲೇ ಕ್ಯಾಂಪ್ ಬಿದ್ದಾಗ ಅವಳು ಮೊಣಕಾಲು ನೋವೆಂದು ರಜೆ ಹಾಕಿದಳು, ಮಾಲೀಕರ ಎದುರು ಆ ನೋವಿಗೆ ಸಾಕ್ಷಿ ಹೇಳಿದವನೂ ನಾನೇ. ಮೂರು ವರ್ಷ ಆ ಹೆಂಗಸಿನ ಮುಖ ಸುರೇಬಾನದ ಒಂದು ಗೋಡೆಗೂ ಹತ್ತದಂತೆ ಕಾದೆ. ನನ್ನ ಕಸುಬಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಈ ಸಲ ಬೈಲಹೊಂಗಲದಲ್ಲಿ ಖುರ್ಚಿಗಳು ಖಾಲಿ ಉಳಿಯತೊಡಗಿದವು. ನಾಟಕ ಹಳೆಯದು, ಜೋಕು ಅದಕ್ಕಿಂತ ಹಳೆಯವು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾಲೀಕರು ನನ್ನನ್ನು ಕರೆದು ಎಲ್ಲರ ಮುಂದೆ ನಿಲ್ಲಿಸಿಕೊಂಡರು.

"ಆ ಅಂಟಿನ ಬಕೀಟ ಹೊಲಕ್ಕ ಒಗದ ಬಾ. ಗ್ವಾಡಿ ಯಾರ ನೋಡ್ತಾರಲೇ ಈಗ? ಮಂದಿ ತಲಿ ಬಗ್ಗಿಸಿ ಫೋನ್ ನೋಡಾಕ ಹತ್ಯಾರ. ರೀಲ್ಸ್ ಬಿಡು. ಬರದಿದ್ದರ ಹೇಳು, ಬರೋನ್ನ ತರ್ತೇನಿ."

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆ ಬಂತು. ನನ್ನ ವಯಸ್ಸಿನಲ್ಲಿ ಕಂಪನಿ ಬಿಟ್ಟರೆ ಯಾವ ಗೋಡೆಯೂ ನನ್ನನ್ನು ಸಾಕುವುದಿಲ್ಲ. ಒಂದು ವಾರ ಕೂತು ಕಲಿತೆ. ಕಲಿತದ್ದನ್ನು ತೋರಿಸುವ ಚಪಲವೂ ಇತ್ತು, ಸುಳ್ಳೇಕೆ ಹೇಳಲಿ.

ಯಾವ ತುಣುಕು ಓಡುತ್ತದೆ ಎಂದು ನನಗೆ ಗೊತ್ತಿತ್ತು. ನಾಟಕದಲ್ಲಿ ಅವಳದು ಮದುವೆ ಮನೆಯಲ್ಲಿ ಕುಡಿದು ಕುಣಿಯುವ ಬೀಗತಿಯ ಪಾತ್ರ. ಸೆರಗು ಸೊಂಟಕ್ಕೆ ಸಿಗಿಸಿ, ತಂಬಿಗೆ ತಲೆ ಮೇಲೆ ಇಟ್ಟುಕೊಂಡು, ಜನರಿಗೆ ಬೆನ್ನು ತಿರುಗಿಸಿ ಓಲಾಡುತ್ತ ಬಗ್ಗುತ್ತಾಳೆ, ನೆಲದ ಮೇಲೆ ಮಡಚಿಟ್ಟ ಎಲೆಅಡಿಕೆಯನ್ನು ಬಾಯಿಯಿಂದ ಎತ್ತುತ್ತಾಳೆ. ತಂಬಿಗೆ ಬೀಳುವುದಿಲ್ಲ. ಅದು ಎಷ್ಟು ಕಷ್ಟದ ಕಸರತ್ತು ಎಂದು ನೋಡುವವನಿಗೆ ಬೇಕಿಲ್ಲ, ಅವನು ನೋಡುವುದೇ ಬೇರೆ. ಪೂರ್ತಿ ನಾಟಕದಲ್ಲಿ ಆಮೇಲೆ ಆ ಬೀಗತಿ ಅಳುತ್ತಾಳೆ. ನಾನು ಅಳುವುದನ್ನು ಕತ್ತರಿಸಿದೆ.

ಸೈಡ್ ವಿಂಗಿನಲ್ಲಿ ನಿಂತು ಶೂಟ್ ಮಾಡಿದ್ದನ್ನು ಅವಳು ಕಂಡಿದ್ದಳು. ಬಣ್ಣ ಒರೆಸಿಕೊಳ್ಳುತ್ತ ಕೇಳಿದಳು.

"ಅಣ್ಣಾ, ಅದು ಎಲ್ಲಿ ಮಟ ಹೊಕ್ಕೈತಿ?"

"ಪೋಸ್ಟರ್ ಹೋಗೂ ಮಟಾ. ಮುನವಳ್ಳಿಗೆ ನಿಲ್ಲಸ್ತೇನಿ, ತಂಗೀ."

"ಖರೇನ?"

"ಮೂರು ವರ್ಷದಾಗ ಒಮ್ಮೆರ ತಪ್ಪೇನೇನು?"

ಅವಳು ನಂಬಿ ಕನ್ನಡಿಯ ಕಡೆ ತಿರುಗಿದಳು. ಓದುವವರು ನಗಬಹುದು, ನಕ್ಕುಬಿಡಿ. ನಾನು ಅವಳಿಗೆ ಮೋಸ ಮಾಡಲು ಹೇಳಿದ ಮಾತಲ್ಲ ಅದು, ನಾನೇ ನಂಬಿದ್ದೆ. ನನ್ನ ಫೋನಿನಲ್ಲಿ ವಾಟ್ಸ್‌ಆ್ಯಪ್ ಗ್ರೂಪುಗಳನ್ನೂ ಗೋಡೆಗಳಂತೆಯೇ ತಾಲೂಕುವಾರು ಬರೆದಿಟ್ಟಿದ್ದೆ. ಬೈಲಹೊಂಗಲ, ಕಿತ್ತೂರು, ಸವದತ್ತಿಯ ಗ್ರೂಪುಗಳಿಗೆ ಕಳಿಸಿದೆ, ರಾಮದುರ್ಗದ ಒಂದಕ್ಕೂ ಕಳಿಸಲಿಲ್ಲ. ಕಂಪನಿಯ ಪೇಜಿನಲ್ಲಿ ಹಾಕುವಾಗ ಊರಿನ ಜಾಗದಲ್ಲಿ ಬೈಲಹೊಂಗಲ ಎಂದು ಒತ್ತಿದೆ, ಅಷ್ಟಕ್ಕೆ ಅದು ಬೈಲಹೊಂಗಲದಲ್ಲೇ ಕೂತಿರುತ್ತದೆ ಎಂದುಕೊಂಡೆ. ಆಯುಷ್ಯವೆಲ್ಲ ಅಂಟಿನ ಬಕೆಟ್ ಹಿಡಿದು ರಸ್ತೆ ಅಳೆದವನಿಗೆ, ರಸ್ತೆಯೇ ಬೇಡದ ಪೋಸ್ಟರು ಅರ್ಥವಾಗಲಿಲ್ಲ. ಮೇಲೆ ನಾನೇ ಬರೆದೆ: ಬೀಗತಿ ಬಗ್ಗ್ಯಾಳ, ಬಂದು ನೋಡ್ರಿ.

ಮೂರನೇ ದಿನಕ್ಕೆ ಖುರ್ಚಿ ಸಾಲದಾದವು. ಮಾಲೀಕರು ನನ್ನ ಹೆಗಲ ಮೇಲೆ ಕೈ ಹಾಕಿದರು. ಐದನೇ ದಿನ ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದಾಗ ಅವಳು ನನ್ನ ಶೆಡ್ಡಿಗೆ ಬಂದಳು. ಮೂಲೆಯಲ್ಲಿದ್ದ ಅಂಟಿನ ಬಕೆಟ್ ಎತ್ತಿ ನನ್ನ ಹಾಸಿಗೆಯ ಮೇಲೆ ಪೂರ್ತಿ ಸುರಿದಳು. ಆಮೇಲೆ ಮಾತಾಡಿದಳು.

"ಮಗಳು ಫೋನ್ ಮಾಡಿದ್ಲು. ಅತ್ತಿ, ಮಾವ, ಮೈದುನ, ನೆರಿಮನಿಯವರು ಎಲ್ಲಾರೂ ನೋಡ್ಯಾರ."

ಮುಂದಿನ ಸೋಮವಾರ ಆ ಮಗಳ ಕುಬಸ ಇತ್ತು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಖಣ, ಬಳೆ, ಬುತ್ತಿ ಒಯ್ಯಬೇಕು. ಇವಳು ಆರು ತಿಂಗಳಿಂದ ಒಂದು ಇಳಕಲ್ ಸೀರೆಯನ್ನು ಟ್ರಂಕಿನ ತಳದಲ್ಲಿಟ್ಟು ಕಾದಿದ್ದಳು. ಕುಬಸಕ್ಕೆ ಬರಬೇಡ ಎಂದುಬಿಟ್ಟರೆ ಮಗಳು ತವರು ಇಲ್ಲದವಳು ಎಂದು ಊರೆಲ್ಲರ ಎದುರು ಆದಂತೆ.

"ಬ್ಯಾಡ ಅಂದ್ರೇನು?" ಎಂದೆ.

"ಬಾ ಅಂದಾರ. ಸಿಟ್ಟಿಲ್ಲಂತ. ನೀನೂ ಬರಬೇಕು. ಅವತ್ತ ಸ್ವಾದರಮಾವ ಆಗಿ ಕುಂತಿದ್ದಿ, ಇವತ್ತೂ ಬಂದ ಕುಂದ್ರು."

ಪ್ರಚಾರದ ಜೀಪಿನಿಂದ ಮೈಕು ಬಿಚ್ಚಿದೆ, ಪೋಸ್ಟರು ಕೆತ್ತಿ ತೊಳೆದೆ. ಶೇಂಗಾ ಹೋಳಿಗೆ, ಕರಚಿಕಾಯಿ, ಕಡಬಿನ ಬುಟ್ಟಿಗಳನ್ನು ಹಿಂದೆ ಇಟ್ಟುಕೊಂಡು ಹೊರಟೆವು. ದಾರಿಯುದ್ದಕ್ಕೂ ಅವಳು ನನಗೆ ಬೆನ್ನು ಮಾಡಿ ಬುಟ್ಟಿಗಳನ್ನು ಹಿಡಿದುಕೊಂಡು ಕೂತಿದ್ದಳು. ಆದರೆ ಸುರೇಬಾನದ ಮನೆಯ ಬಾಗಿಲಲ್ಲಿ ಮಗಳ ಅತ್ತೆ ಓಡಿಬಂದು ಅವಳ ಕೈ ಹಿಡಿದುಕೊಂಡಾಗ ಅವಳ ಮುಖ ಅರಳಿದ್ದನ್ನು ಕಂಡೆ.

"ಬರ್ರಿ ಬೀಗರ, ಬರ್ರಿ. ಹಾಸ್ಟೆಲ್‌ನಾಗ ಅಡಗಿ ಮಾಡ್ತೀರಿ ಅಂತ ತಿಳಕೊಂಡಿದ್ವಿ ನಾವು. ಇಷ್ಟ ದೊಡ್ಡ ಕಲಾವಿದರು ಅಂತ ಮುಚ್ಚಿಟ್ಟಿದ್ದಿರಲ್ರಿ."

ದೇವರಂಥ ಮಂದಿ ಎಂದುಕೊಂಡೆ. ನನಗೆ ಜನರ ಮೇಲೆ ಪ್ರೀತಿ ಹುಟ್ಟಿದ್ದು ಅದೇ ಒಂದು ತಾಸು. ಮಗಳನ್ನು ಕೂಡಿಸಿ, ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ, ಆರತಿ ಎತ್ತಿದರು. ಹಾಡು ಮುಗಿಯಿತು. ಎಲೆಅಡಿಕೆಯ ತಾಟು ಬಂತು.

"ಬೀಗರ, ಈಗ ನಮಗೂ ಒಮ್ಮೆ ಮಾಡಿ ತೋರಸ್ರಿ," ಎಂದಳು ಅತ್ತೆ.

ಅವಳು ನಕ್ಕಳು. "ಬ್ಯಾಡ್ರಿ, ಇವತ್ತ್ಯಾಕ ಅದು."

"ಅಲ್ಲಿ ಹತ್ತೂರ ಗಂಡಸರ ಮುಂದ ಮಾಡ್ತೀರಿ, ನಮ್ಮ ಮುಂದ ನಾಚಿಗಿ ಬಂತೇನ್ರಿ?"

ನಗುನಗುತ್ತಲೇ ಆಡಿದ ಮಾತು. ಸಿಟ್ಟಿಲ್ಲ ಎಂದದ್ದು ನಿಜವೇ ಆಗಿತ್ತು, ಸಿಟ್ಟು ಬರಲು ಎದುರಿನವರನ್ನು ಸರಿಸಮ ಎಂದು ಎಣಿಸಬೇಕಲ್ಲ. ಯಾರೋ ಒಳಗಿನಿಂದ ತಂಬಿಗೆ ತಂದರು. ಇನ್ನಾರೋ ಎಲೆ ಮಡಚಿ ನೆಲದ ಮೇಲೆ ಇಟ್ಟರು. ಪಡಸಾಲೆಯಲ್ಲಿದ್ದ ಗಂಡಸರು ಬಾಗಿಲಿಗೆ ಬಂದು ನಿಂತರು. ಫೋನುಗಳು ಮೇಲೆದ್ದವು. ಸೋದರಮಾವ ಎನ್ನಿಸಿಕೊಂಡವನು ಎದ್ದು "ಬ್ಯಾಡ" ಎನ್ನಬೇಕಿತ್ತು. ನಾನು ಏಳಲಿಲ್ಲ.

ಅವಳು ಮಗಳ ಕಡೆ ನೋಡಿದಳು. ಮಗಳು ಹೊಸ ಬಳೆಗಳನ್ನು ನೋಡುತ್ತ ಕೂತಿದ್ದಳು. ಆಮೇಲೆ ಅವಳು ಸೆರಗು ಸಿಗಿಸಿಕೊಂಡಳು.

ಒಂದು ಹೆಜ್ಜೆಯನ್ನೂ ಬಿಡಲಿಲ್ಲ. ತಂಬಿಗೆ ಬೀಳಲಿಲ್ಲ. ಬಾಗಿದಾಗ ಬಾಗಿಲಿನಿಂದ ಒಬ್ಬ ಕೂಗಿದ, "ಬೀಗತಿ ಬಗ್ಗ್ಯಾಳ, ಬಂದು ನೋಡ್ರಿ." ನಾನು ಬರೆದ ಸಾಲು ಅಕ್ಷರ ತಪ್ಪದೆ ಅಲ್ಲಿಗೆ ಬಂದಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ಎಲೆಯನ್ನು ಬಾಯಲ್ಲಿ ಹಿಡಿದೇ ಎದ್ದು, ತಂಬಿಗೆ ಇಳಿಸಿ, ಸೆರಗು ಸರಿಮಾಡಿಕೊಂಡು, ಎಲೆಯನ್ನು ಅಗಿಯುತ್ತ ಹೋಗಿ ಮಗಳ ಪಕ್ಕದಲ್ಲಿ ಕೂತಳು.

ಹೊರಡುವಾಗ ಮಗಳು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಎದ್ದು ಮೆಲ್ಲಗೆ ಕೇಳಿದಳು.

"ಮಾಮಾ, ಆ ವಿಡಿಯೊ ಮೊದಲ ಬಿಟ್ಟಾವ್ರು ಯಾರ್ರಿ?"

"ನಾಟಕಾ ನೋಡಾಕ ಬಂದವರು ಯಾರೋ ತಗದಾರವ್ವ. ಈಗಿನ ಮಂದಿ ಸುದ್ದ ಇಲ್ಲ," ಎಂದೆ.

ಅವಳ ತಾಯಿ ಎರಡು ಮಾರು ದೂರದಲ್ಲಿ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಕೇಳಿಸಿತು. ಕೈ ಒಂದು ಗಳಿಗೆ ನಿಂತು ಮತ್ತೆ ಆಡಿತು, ಅಷ್ಟೇ.

ರಾಮದುರ್ಗ ದಾಟುವುದರೊಳಗೆ ಮಾಲೀಕರ ಫೋನು ಬಂತು. ಕುಬಸದ ಮನೆಯ ವಿಡಿಯೊ ಆಗಲೇ ಅವರ ಕೈ ಸೇರಿತ್ತು. ಜೀಪು ನಡೆಸುತ್ತಿದ್ದೆನಾದ್ದರಿಂದ ಸ್ಪೀಕರಿನಲ್ಲಿ ಹಾಕಿದ್ದೆ, ಎಲ್ಲವೂ ಅವಳಿಗೆ ಕೇಳಿಸಿತು. "ಖರೇ ಬೀಗರ ಮನ್ಯಾಗೂ ಬೀಗತಿ! ಇದನ್ನ ಇವತ್ತ ಪೇಜಿಗೆ ಹಾಕು. ಮುಂದಿನ ಕ್ಯಾಂಪ್ ರಾಮದುರ್ಗಕ್ಕ ಹಾಕೂಣು."

"ಇದನ್ನ ಹಾಕಂಗಿಲ್ಲ ನಾ," ಎಂದು ಅವಳಿಗೆ ಹೇಳಿದೆ, ಫೋನ್ ಇಟ್ಟ ಮೇಲೆ. ಮಾಲೀಕರಿಗೆ ಹೇಳಿರಲಿಲ್ಲ.

"ಹಾಕು. ಇನ್ನ ಯಾರಿಗೆ ಮುಚ್ಚೂದೈತಿ?"

ಮುನವಳ್ಳಿ ದಾಟುವಾಗ ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಮಗಳ ಮುಂದೆ ನನ್ನ ಸುಳ್ಳನ್ನು ಬಯಲು ಮಾಡದೆ ಬಿಟ್ಟದ್ದು ದೊಡ್ಡತನ ಎಂದೆ. ಅವಳು ನನ್ನ ಕಡೆ ತಿರುಗದೆ ಹೇಳಿದಳು.

"ನಿನ್ನ ಉಳಸಾಕ ಸುಮ್ಮನಿರಲಿಲ್ಲ ನಾ. ಅಕಿಗೆ ತವರಮನ್ಯಾಗ ಇರೂದ ಇಬ್ಬರು. ಇವತ್ತ ಅವ್ವ ಹ್ವಾದ್ಲು. ಮಾವರೆ ಇರಲಿ ಅಂತ ಬಿಟ್ಟೆ."