ಹುಸೇನಪ್ಪ ತಿಕ್ಕಲು ಒಲ್ಲೆನೆಂದ ಗೀರು

ಲಿಂಗಸುಗೂರಿನ ಹುಸೇನಪ್ಪನಿಗೆ ಮೋಟಾರು ಓಡಿಸಲು ಬರುತ್ತಿರಲಿಲ್ಲ, ಬಿಚ್ಚಿ ಜೋಡಿಸಲೂ ಬರುತ್ತಿರಲಿಲ್ಲ. ಆದರೆ ಅದರ ಮೈಮೇಲಿನ ಗೀರನ್ನು ಕೈಯಿಂದಲೇ ತಿಕ್ಕಿ ಇಲ್ಲವಾಗಿಸುವುದರಲ್ಲಿ ಸಿಂಧನೂರಿನಿಂದ ಮಸ್ಕಿಯವರೆಗೆ ಅವನಿಗೆ ಸಾಟಿಯಿರಲಿಲ್ಲ. ನಿಜಾಮರ ಕಾಲದಲ್ಲಿ ಹೈದರಾಬಾದಿನ ಗ್ಯಾರೇಜಿನಲ್ಲಿ ಹನ್ನೆರಡು ವರ್ಷ ನವಾಬರ ಕಾರುಗಳ ಮೇಲೆ ಪಳಗಿದ ಕೈ ಅದು. ಕಾಲುವೆ ಕೆಲಸದ ಜೀಪುಗಳು ಜಾಲಿಮುಳ್ಳಿಗೆ ಮೈ ಕೊಟ್ಟು ಬಂದಾಗಲೆಲ್ಲ ಅವನಿಗೇ ಬುಲಾವು. ಬಂದವನು ಮೊದಲು ಗೀರಿನ ಮೇಲೆ ಉಗುರಾಡಿಸುತ್ತಿದ್ದ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ, "ಇದು ಬಣ್ಣದವನ ಕೆಲಸ್ರಿ, ನಂದಲ್ಲ" ಎಂದು ಎದ್ದುಬಿಡುತ್ತಿದ್ದ. ಜಾರಿದರೆ ಮಾತ್ರ ಬಟ್ಟೆ-ಪಾಲಿಷಿನ ಗಂಟು ಬಿಚ್ಚುತ್ತಿದ್ದ. ಎಂಥ ಹಮ್ಮು ಅಂತೀರಾ! ಇರಲಿ ಬಿಡಿ, ಕೆಲಸ ಬಲ್ಲವನಿಗೆ ಅಷ್ಟು ಒಪ್ಪುತ್ತದೆ.

ಐವತ್ನಾಲ್ಕರ ಬೇಸಿಗೆಯಲ್ಲಿ ಮಸ್ಕಿಯ ಸಾಹುಕಾರ ದೊಡ್ಡಬಸಪ್ಪ ಹೇಳಿಕಳಿಸಿದ. ಹೊಸ ಕರಿ ಕಾರಿನ ಬಾನೆಟ್ಟಿನ ಮೇಲೆ ಗೇಣುದ್ದದ ಗೀರು ಬಿದ್ದಿತ್ತು. ಕಾರು ಓಡಿಸುತ್ತಿದ್ದ ನರಸಣ್ಣ ಹುಸೇನಪ್ಪನ ಸ್ವಂತ ಅಳಿಯ. ಇದು ಅವನದೇ ಕಿತಾಪತಿ ಎಂದು ಸಾಹುಕಾರ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದು, ಕೀಲಿ ಕಸಿದುಕೊಂಡು ಮನೆಗೆ ಅಟ್ಟಿದ್ದ. ಹೆಸರು ಕೆಟ್ಟ ಡ್ರೈವರನಿಗೆ ಆ ಸೀಮೆಯಲ್ಲಿ ಇನ್ನಾರು ಮೋಟಾರು ಕೊಡುತ್ತಾರೆ? ಆ ಸಂಕಟ ಹೊತ್ತುಕೊಂಡೇ ಹುಸೇನಪ್ಪ ಬಸ್ಸು ಹತ್ತಿದ.

ಬಾನೆಟ್ಟಿನ ಮೇಲೆ ಮೂರೆಳೆ ವಿಭೂತಿ ಇನ್ನೂ ಹಾಗೇ ಇತ್ತು. ಸಾಹುಕಾರನ ತಾಯಿ ಶೇಖರಮ್ಮ ಸೋಮವಾರಕ್ಕೊಮ್ಮೆ ಕಾರಿಗೂ ವಿಭೂತಿ ಎಳೆಯುತ್ತಿದ್ದಳು. ಅದನ್ನು ಒರೆಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ತಿಕ್ಕುವ ಮುಂಚೆ ತೊಳೆಯಲೇಬೇಕು, ಇಲ್ಲದಿದ್ದರೆ ದೂಳೇ ಹೊಸ ಗೀರು ಎಳೆಯುತ್ತದೆ. ಹುಸೇನಪ್ಪ ಕೊಡ ಎತ್ತಿದವನು ಹಾಗೇ ಇಳಿಸಿದ. ಗೀರು ಕೆಳಗಿನ ಎಳೆಯ ಬಗಲಿಗೇ, ಅದು ಬಾಗಿದಲ್ಲಿ ಬಾಗಿ, ಅಷ್ಟೇ ಉದ್ದಕ್ಕೆ ಹೋಗಿತ್ತು.

"ಸಾಹುಕಾರ್ರ, ಒಂದ್ಸಲ ಬಂದು ನೋಡ್ರಿ. ನೀರು ಬಿದ್ರ ಮುಗೀತು, ವಿಭೂತಿ ಗುರುತು ಕಾಣಂಗಿಲ್ಲ."

"ನಿನ್ನ ಕರೆಸಿದ್ದು ತಿಕ್ಕಾಕಲೇ, ಪಂಚಾಯ್ತಿ ಮಾಡಾಕಲ್ಲ!"

"ನೀವು ನೋಡೂತನಕ ನಾ ಕೈ ಹಚ್ಚಂಗಿಲ್ರಿ" ಎಂದು ಹುಸೇನಪ್ಪ ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಸಾಹುಕಾರನನ್ನು ಎದುರುಹಾಕಿಕೊಳ್ಳುವುದೇನು ಹುಡುಗಾಟವೇ?

ಗಲಾಟೆ ಕೇಳಿ ಶೇಖರಮ್ಮನೇ ಹೊರಗೆ ಬಂದಳು. ಬಗ್ಗಿ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ವಯಸ್ಸಿಗೆ ಬೆರಳು ಸಣ್ಣಗಾಗಿ, ಉಂಗುರ ಸಡಿಲಾಗಿ, ಅದರ ಹರಳು ಅಂಗೈ ಕಡೆಗೆ ತಿರುಗಿತ್ತು. ಮೂರು ಬೆರಳನ್ನು ವಿಭೂತಿಯ ಮೇಲಿಟ್ಟಳು. ಹರಳು ಸರಿಯಾಗಿ ಗೀರಿನ ಮೇಲೇ ಕೂತಿತು.

"ಬಸಪ್ಪ, ಇದು ನನ್ನ ಉಂಗುರದ ಕೆಲಸಪಾ. ಆ ನರಸಣ್ಣಗ ಸುಮ್ನ ಬೈದಿ. ಹೋಗು, ಕರಕೊಂಡು ಬಾ."

"ಆಳ ಕಳಿಸ್ತೀನಿ ಬಿಡವ್ವ."

"ಬೈಯಾಕ ಆಳ ಕಳಿಸಿದ್ದಿ ಏನು?"

ಕಾರಿನಲ್ಲಿ ಹೋಗೋಣವೆಂದರೆ ಓಡಿಸಬಲ್ಲವನು ನರಸಣ್ಣನೊಬ್ಬನೇ! ಸಾಹುಕಾರ ರಣಬಿಸಿಲಲ್ಲಿ ಊರೊಳಗಿನ ಅವನ ಮನೆಗೆ ನಡೆದೇ ಹೊರಟ. ಮಂದಿ ಕೆಲಸ ಬಿಟ್ಟು ಹಿಂದೆ ಹಿಂದೆ ಬಂದರು.

ಇತ್ತ ಹುಸೇನಪ್ಪ ಬಾನೆಟ್ಟು ತೊಳೆದ. ನೂರು ಸಲ ಒಗೆದು ಮೆತ್ತಗಾದ ಹಳೇ ಧೋತರದ ತುಂಡನ್ನು ಎರಡು ಬೆರಳಿಗೆ ಸುತ್ತಿ, ಚಿಟಿಕೆ ಪಾಲಿಷು ಹಚ್ಚಿ, ಒತ್ತದೆ, ಅವಸರ ಮಾಡದೆ, ಗೀರಿದ್ದಷ್ಟೇ ಜಾಗದಲ್ಲಿ ತಿಕ್ಕಿದ. ನಡುನಡುವೆ ಒರೆಸಿ, ಓರೆಯಾಗಿ ಕಣ್ಣಿಟ್ಟು ನೋಡಿದ. ಗೀರು ಮಸುಕಾಯಿತು, ಕೂದಲೆಳೆಯಷ್ಟಾಯಿತು, ಕಡೆಗೆ ಇಲ್ಲವಾಯಿತು.

ಸಾಹುಕಾರ ನರಸಣ್ಣನನ್ನು ಕರೆತಂದು, ಮಂದಿಗೆ ಕೇಳಿಸದಂತೆ, "ತಪ್ಪಾತಪಾ, ತಗೋ" ಎಂದು ಕೀಲಿ ಚಾಚಿದ. ನರಸಣ್ಣ ಮಾವನ ಮುಖ ನೋಡಿದ, ಕೈ ಮುಂದೆ ಮಾಡಲಿಲ್ಲ. ಹುಸೇನಪ್ಪ ಬಟ್ಟೆ ಮಡಚುತ್ತಲೇ ಅಂದ:

"ಬೈದಾಗ ಊರೆಲ್ಲ ಕೇಳಿತ್ರಿ."

ದೊಡ್ಡಬಸಪ್ಪನ ಮುಖ ಕೆಂಪಾಯಿತು. ಒಮ್ಮೆ ತಾಯಿಯ ಕಡೆ ನೋಡಿ, ಮಂದಿಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡ.

"ನರಸಣ್ಣಂದು ತಪ್ಪಿಲ್ಲರಪ್ಪೋ! ತಪ್ಪು ನಂದು!"

ನರಸಣ್ಣ ಕೀಲಿ ತೆಗೆದುಕೊಂಡ.